ಪುಸ್ತಕದಲ್ಲಿ ಅಚ್ಚಾದ ಯುದ್ಧನೌಕೆಯ ನಕ್ಷೆ ಸರಿಯಿದೆಯಾ ಅಂತ ಪರೀಕ್ಷಿಸೋದು ಹೇಗೆ?

ಮೊದಲು ನಕ್ಷೆಯ ಮೇಲಿನ ತಾರೀಖು ನೋಡಿ. ತಾರೀಖೇ ಇಲ್ಲದ ನಕ್ಷೆಯನ್ನು ನಾನು ನಂಬೋದಿಲ್ಲ. ಯುದ್ಧನೌಕೆ ಪ್ರತಿ ದುರಸ್ತಿಯಲ್ಲೂ ಬದಲಾಗುತ್ತದೆ. ಬ್ರಿಟನ್ನಿನ ‘ಹುಡ್’ ನೌಕೆಯನ್ನೇ ತಗೊಳ್ಳಿ. ಅದರ 5.5 ಇಂಚಿನ ಫಿರಂಗಿಗಳನ್ನು 1940ರಲ್ಲಿ ತೆಗೆದುಹಾಕಿದರು. 1941ರ ಮೇ 24ರಂದು ಅದು ಮುಳುಗಿತು. ‘ಮೇ 1941’ ಅಂತ ಬರೆದ ನಕ್ಷೆಯಲ್ಲಿ ಆ ಫಿರಂಗಿಗಳು ಕಂಡರೆ, ಚಿತ್ರಕಾರ ಹಳೆಯ ನಕ್ಷೆಯನ್ನು ಸುಮ್ನೆ ನಕಲು ಮಾಡಿದ್ದಾನೆ ಅಂತಲೇ ಅರ್ಥ.

ಆಮೇಲೆ ಮೂಲ ನಕ್ಷೆ ಹುಡುಕಿ. ಬ್ರಿಟಿಷ್ ನೌಕೆಗಳದ್ದು ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನಲ್ಲಿ, ಅಮೆರಿಕದ್ದು ಅಲ್ಲಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಸಿಗುತ್ತವೆ. ಕಟ್ಟುವ ಮೊದಲು ಬರೆದ ವಿನ್ಯಾಸಕ್ಕಿಂತ, ಕಟ್ಟಿ ಮುಗಿದ ಮೇಲೆ ಬರೆದ ‘ಆ್ಯಸ್ ಫಿಟೆಡ್’ ನಕ್ಷೆಯನ್ನು ಜಾಸ್ತಿ ನಂಬಬಹುದು. ಇವುಗಳಲ್ಲಿ ನಂತರದ ಬದಲಾವಣೆಗಳನ್ನು ಬೇರೆ ಬಣ್ಣದ ಶಾಯಿಯಲ್ಲಿ ಗುರುತಿಸುತ್ತಿದ್ದರು. ಕಪ್ಪು ಬಿಳುಪು ನಕಲಿನಲ್ಲಿ ಆ ವ್ಯತ್ಯಾಸವೇ ಮಾಯ! ಸಾಧ್ಯವಾದರೆ ಬಣ್ಣದ ಪ್ರತಿಯನ್ನೇ ನೋಡಿ.

ಅಳತೆಯನ್ನೂ ಪರೀಕ್ಷಿಸಿ. ‘ಹುಡ್’ ಉದ್ದ ಸುಮಾರು 262.3 ಮೀಟರ್, ಅಂದರೆ 1:350 ಪ್ರಮಾಣದ (ನಿಜ ಅಳತೆಯ 350ನೇ ಒಂದು ಭಾಗದ) ನಕ್ಷೆಯಲ್ಲಿ ಸುಮಾರು 75 ಸೆಂಟಿಮೀಟರ್ ಬರಬೇಕು. ಅಗಲವನ್ನೂ ಬೇರೆಯಾಗಿ ಅಳೆಯಿರಿ. ಹಳೆಯ ಕಾಗದ ಎರಡೂ ದಿಕ್ಕಿಗೆ ಒಂದೇ ಸಮ ಕುಗ್ಗಿರೋದಿಲ್ಲ.

ತಾರೀಖು ಖಚಿತವಿರುವ ಫೋಟೋ ಸಿಕ್ಕರೆ ರೇಡಾರ್, ದೋಣಿಗಳು, ಸಣ್ಣ ಫಿರಂಗಿಗಳನ್ನು ಅದರ ಜೊತೆ ಹೋಲಿಸಿ. ನಕ್ಷೆಗೂ ಫೋಟೋಗೂ ಜಗಳ ಬಂದರೆ ನಾನು ಫೋಟೋ ಪರ.

ಜಪಾನಿನ ‘ಯಮಾಟೊ’ ವಿಷಯದಲ್ಲಿ ಮಾತ್ರ ತುಂಬ ಹುಷಾರಾಗಿರಬೇಕು. 1945ರ ಶರಣಾಗತಿಯ ಹೊತ್ತಿಗೆ ಅದರ ಬಹುಪಾಲು ದಾಖಲೆಗಳನ್ನು ನಾಶ ಮಾಡಿದ್ದರು. ಹಾಗಾಗಿ ಪ್ರಕಟವಾದ ನಕ್ಷೆಗಳಲ್ಲಿ ಊಹೆ ಎಷ್ಟು, ಆಧಾರ ಎಷ್ಟು ಅಂತ ಲೇಖಕರು ಬಿಡಿಸಿ ಹೇಳಿದ್ದಾರಾ ನೋಡಿ.