‘ರನ್’ ಅಂದರೆ ಬರೀ ಓಟವಲ್ಲ

ತಿಪಟೂರು ಕಡೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಮೇಷ್ಟ್ರೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಅವರ ಒಂಬತ್ತನೇ ತರಗತಿಯಲ್ಲಿ ‘ಹರ್ ಫಾದರ್ ರನ್ಸ್ ಎ ಸ್ಮಾಲ್ ಶಾಪ್’ ಎಂಬ ವಾಕ್ಯ ಬಂತು. ‘ಅವಳ ಅಪ್ಪ ಒಂದು ಸಣ್ಣ ಅಂಗಡಿಗೆ ಓಡುತ್ತಾನೆ’ ಎಂದು ಒಬ್ಬ ಹುಡುಗಿ ಅರ್ಥ ಹೇಳಿದಳು. ಉಳಿದವರು ನಕ್ಕರು. ಆಗ ಅವಳು, ‘ರನ್ ಅಂದ್ರೆ ಓಡು ಅಂತ ನೀವೇ ಬರೆಸಿದ್ರಲ್ವಾ ಸರ್?’ ಎಂದು ಕೇಳಿದಳಂತೆ. ಮೇಷ್ಟ್ರು ನಮ್ಮನ್ನು ಕೇಳಿದ್ದು ಮೂರು ಪ್ರಶ್ನೆ. ಒಂದೇ ಪದಕ್ಕೆ ಇಷ್ಟೊಂದು ಅರ್ಥ ಯಾಕೆ? ಇದು ಇಂಗ್ಲಿಷಿನ ಬಡತನವೇ? ಕನ್ನಡ ಮಾಧ್ಯಮದ ಮಕ್ಕಳಿಗೆ ಇದನ್ನು ಕಲಿಸುವುದು ಹೇಗೆ?

ಪ್ರಿಯ ಮೇಷ್ಟ್ರೇ,

ಮೊದಲು ಆ ಹುಡುಗಿಯ ಮಾತು. ಅವಳು ಜಾಣೆ. ಕೊಟ್ಟ ಅರ್ಥವನ್ನು ನಂಬಿ, ವಾಕ್ಯಕ್ಕೆ ಹೊಂದಿಸಿ, ಒಂದು ಪೂರ್ತಿ ಮಾತು ಕಟ್ಟಿದಳು. ಹೊಂದದ ಕಡೆ ‘ಅಂಗಡಿಗೆ’ ಎಂದು ತಾನೇ ಒಂದು ವಿಭಕ್ತಿ ಸೇರಿಸಿಕೊಂಡಳು. ಅಂದರೆ ಅವಳ ತಲೆ ಸರಿಯಾಗಿಯೇ ಕೆಲಸ ಮಾಡಿದೆ. ತಪ್ಪಿರುವುದು ಪಾಠದ ಕೊನೆಯಲ್ಲಿ ಬರುವ ಪದಗಳ ಪಟ್ಟಿಯಲ್ಲಿ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಒಂದೇ ಒಂದು ಕನ್ನಡ ಪದ. ‘ಫೋಟೋಸಿಂಥೆಸಿಸ್’ನಂಥ ಉದ್ದನೆಯ ಪದಕ್ಕೆ ಈ ಪಟ್ಟಿ ಸಾಕು. ಅದಕ್ಕೆ ಇರುವುದೇ ಒಂದು ಅರ್ಥ. ಕಷ್ಟ ಕೊಡುವುದು ಗೆಟ್, ಪುಟ್, ಸೆಟ್, ರನ್‌ನಂಥ ಮೂರಕ್ಷರದ ಪದಗಳು. ದೊಡ್ಡ ಪದ ಬಂದಾಗ ನಾವು ನಿಂತು ವಿವರಿಸುತ್ತೇವೆ. ಸಣ್ಣ ಪದ ಬಂದಾಗ ‘ಇದು ಗೊತ್ತಲ್ವಾ’ ಎಂದು ಮುಂದೆ ಹೋಗುತ್ತೇವೆ. ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷಿನಲ್ಲಿ ಹಿಂದೆ ಬೀಳುವುದು ಬಹಳ ಸಲ ಇಲ್ಲಿಯೇ ಎಂಬುದು ನನ್ನ ಗಟ್ಟಿ ನಂಬಿಕೆ.

‘ರನ್’ ಎಷ್ಟು ದೊಡ್ಡ ಪದ ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಬಂತು. ಅದರಲ್ಲಿ ಅತಿ ಹೆಚ್ಚು ಅರ್ಥಗಳಿದ್ದ ಪದ ‘ಸೆಟ್’. ಅದಕ್ಕೆ 430 ಅರ್ಥ. ಆಮೇಲೆ ಇಡೀ ನಿಘಂಟನ್ನು ಹೊಸದಾಗಿ ತಿದ್ದುವ ಕೆಲಸ ಶುರುವಾಯಿತು. 2011ರ ಹೊತ್ತಿಗೆ ‘ರನ್’ ಮುಂದೆ ಹೋಗಿತ್ತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳು ಸಿಕ್ಕವು. ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಈ ಒಂದು ಪದದ ಮೇಲೆ ಸುಮಾರು ಒಂಬತ್ತು ತಿಂಗಳು ಕೂತರು. ನುರಿತ ನಿಘಂಟುಕಾರರಿಗೇ ಇಷ್ಟು ಹೊತ್ತು ಬೇಕಾದ ಪದಕ್ಕೆ ನಮ್ಮ ಮಕ್ಕಳು ಒಂದು ಸಾಲಿನಲ್ಲಿ ಅರ್ಥ ಬರೆದುಕೊಳ್ಳುತ್ತಿದ್ದಾರೆ.

ಇನ್ನು ಯಾಕೆ ಎಂಬ ಪ್ರಶ್ನೆ. ಅಂಗಡಿಯ ವಾಕ್ಯದಿಂದಲೇ ನೋಡೋಣ. ಕನ್ನಡದಲ್ಲಿ ಓಡು ಬೇರೆ, ಓಡಿಸು ಬೇರೆ. ನಡೆ ಬೇರೆ, ನಡೆಸು ಬೇರೆ. ತಾನೇ ಮಾಡುವುದಕ್ಕೂ ಮಾಡಿಸುವುದಕ್ಕೂ ನಡುವೆ ‘ಇಸು’ ನಿಂತಿದೆ. ಜರ್ಮನ್, ಇಂಗ್ಲಿಷ್‌ಗಳ ಹಳೆಯ ಮೂಲದಲ್ಲೂ ಇಂಥದೇ ಒಂದು ಜೋಡಿ ಇತ್ತು. ಒಂದು ಪದಕ್ಕೆ ಹರಿ, ಓಡು ಎಂಬ ಅರ್ಥ. ಇನ್ನೊಂದಕ್ಕೆ ಹರಿಸು, ಓಡಿಸು ಎಂಬ ಅರ್ಥ. ಇಂದಿನ ಜರ್ಮನ್‌ನಲ್ಲಿ ಇವು ಇನ್ನೂ ಎರಡು ಪದಗಳಾಗಿಯೇ ಉಳಿದಿವೆ, ಅರ್ಥ ಮಾತ್ರ ಸ್ವಲ್ಪ ಆಚೀಚೆ ಆಗಿದೆ. ‘ರಿನ್ನೆನ್’ ಎಂದರೆ ಸೋರು, ಹರಿ. ‘ರೆನ್ನೆನ್’ ಎಂದರೆ ಓಡು. ಇಂಗ್ಲಿಷಿನಲ್ಲಿ ಎರಡೂ ಸೇರಿ ಒಂದೇ ‘ರನ್’ ಆಯಿತು. ಹಾಗಾಗಿ ಯಂತ್ರ ಓಡಿದರೂ ರನ್, ನಾವು ಯಂತ್ರ ಓಡಿಸಿದರೂ ರನ್. ಅಂಗಡಿ ನಡೆಸುವುದೂ ಅದೇ ಪದ. ಆ ಹುಡುಗಿಗೆ ‘ಇಲ್ಲಿ ಒಂದು ಇಸು ಅಡಗಿದೆ’ ಎಂದು ಹೇಳಿದ್ದರೆ ಅರ್ಧ ಕೆಲಸ ಮುಗಿಯುತ್ತಿತ್ತು. ಇದು ಕನ್ನಡ ಗೊತ್ತಿರುವ ಮಗುವಿಗೆ ಬೇಗ ಹತ್ತುವ ವಿಷಯ.

ಉಳಿದರ್ಧ ನನಗೆ ಇನ್ನೂ ಇಷ್ಟದ್ದು. ರನ್‌ಗೆ ಕನ್ನಡದಲ್ಲಿ ನಿಜವಾದ ಜೊತೆ ಯಾವುದು? ಓಡು ಎಂದು ಎಲ್ಲರೂ ಹೇಳುತ್ತಾರೆ. ನಾನು ‘ಹರಿ’ ಎನ್ನುತ್ತೇನೆ. ಹಳಗನ್ನಡದಲ್ಲಿ ಇದು ‘ಪರಿ’. ಪಾಲು ಹಾಲಾದಂತೆ, ಪೂ ಹೂವಾದಂತೆ, ಪರಿ ಹೋಗಿ ಹರಿ ಆಯಿತು. ಆ ‘ಪರಿ’ಗೆ ನೀರಿನಂತೆ ಹರಿ ಎಂಬ ಅರ್ಥವೂ ಇತ್ತು, ಓಡು ಎಂಬ ಅರ್ಥವೂ ಇತ್ತು. ಹಳೆಯ ತಮಿಳಿನಲ್ಲಿ ಪರಿ ಎಂದರೆ ಕುದುರೆ ಕೂಡ. ಇಂದು ನಾವು ಹರಿ ಎಂದರೆ ನೀರು ಎಂದುಕೊಂಡಿದ್ದೇವೆ. ಆದರೆ ಆ ಓಟ ಇನ್ನೂ ಮಾತಿನಲ್ಲಿ ಉಳಿದಿದೆ. ‘ಲಾರಿ ಹರಿದು ಬೈಕ್ ಸವಾರ ಸಾವು’ ಎಂದು ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಅದು ಇಂಗ್ಲಿಷಿನ ‘ರನ್ ಓವರ್’ ತಾನೇ? ಜಾತ್ರೆಗೆ ಜನ ಹರಿದು ಬಂದರು. ಊರಲ್ಲಿ ಸುದ್ದಿ ಹರಿದಾಡಿತು. ದೇಣಿಗೆ ಹರಿದು ಬಂತು. ನಾಲಗೆ ಹರಿಬಿಟ್ಟ. ಹಾವು ಹರಿದು ಹೋಯಿತು. ಇವುಗಳಲ್ಲಿ ಎಲ್ಲೂ ನೀರಿಲ್ಲ, ಕಾಲೂ ಇಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ತಡೆಯಿಲ್ಲದೆ ಸಾಗುವುದಷ್ಟೇ ಇದೆ. ರನ್‌ನ ನೂರಾರು ಅರ್ಥಗಳ ಅಡಿಯಲ್ಲಿ ಇರುವುದೂ ಇದೇ. ನದಿ ರನ್ ಆಗುವುದು, ಮೂಗು ರನ್ ಆಗುವುದು, ಬಟ್ಟೆಯ ಬಣ್ಣ ರನ್ ಆಗುವುದು, ರಸ್ತೆ ಊರಿನಿಂದ ಊರಿಗೆ ರನ್ ಆಗುವುದು, ಒಂದು ಗುಣ ಮನೆತನದಲ್ಲಿ ರನ್ ಆಗುವುದು, ಎಲ್ಲವೂ ಈ ಸಾಗುವಿಕೆಯೇ. ಮನೆತನದ ಗುಣಕ್ಕೆ ನಾವೂ ‘ರಕ್ತದಲ್ಲೇ ಹರಿದು ಬಂದಿದೆ’ ಎನ್ನುತ್ತೇವೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಅಮೆರಿಕದವರು ಕಾಲುಚೀಲದ ಎಳೆ ಬಿಟ್ಟು ಉದ್ದಕ್ಕೆ ಹರಿದರೆ ಅದನ್ನೂ ‘ರನ್’ ಎನ್ನುತ್ತಾರೆ. ನಾವೂ ‘ಹರಿದಿದೆ’ ಎನ್ನುತ್ತೇವೆ. ಎರಡೂ ಒಂದೇ ಎಂದುಕೊಳ್ಳಬೇಡಿ. ಅವರದು ಓಡುವ ರನ್ನೇ, ಎಳೆ ಬಿಟ್ಟ ಗೆರೆ ಮೇಲಿಂದ ಕೆಳಗೆ ಓಡಿತು ಎಂಬ ಅರ್ಥ. ನಮ್ಮ ಬಟ್ಟೆ ಹರಿಯುವ ‘ಹರಿ’ ಬೇರೆಯೇ ಪದ. ಹಳಗನ್ನಡದಲ್ಲಿ ಅದನ್ನು ಶಕಟರೇಫ ಎಂಬ ಹಳೆಯ ‘ಱ’ ಅಕ್ಷರ ಹಾಕಿ ‘ಪಱಿ’ ಎಂದು ಬರೆಯುತ್ತಿದ್ದರು. ಆ ಅಕ್ಷರ ಬಳಕೆ ತಪ್ಪಿತು, ಎರಡು ಪದಗಳೂ ಒಂದೇ ಸದ್ದಿಗೆ ಬಂದವು. ಒಂದೇ ಪದ ಬೆಳೆದು ಹಲವು ಅರ್ಥ ಪಡೆಯುವುದು ಬೇರೆ. ಎರಡು ಪದಗಳು ಸವೆದು ಒಂದೇ ರೂಪಕ್ಕೆ ಬರುವುದು ಬೇರೆ. ಹತ್ತನೇ ತರಗತಿಯ ಮಕ್ಕಳಿಗೆ ಇದನ್ನು ಹೇಳಿನೋಡಿ, ಖುಷಿಯಿಂದ ಕೇಳುತ್ತಾರೆ.

ಅರ್ಥ ಹೇಗೆ ಬೆಳೆಯುತ್ತದೆ ಎಂದು ತೋರಿಸಲು ಕ್ರಿಕೆಟ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮೊದಲಿಗೆ ಬ್ಯಾಟ್ಸ್‌ಮನ್ ಆ ತುದಿಯಿಂದ ಈ ತುದಿಗೆ ನಿಜಕ್ಕೂ ಓಡಬೇಕಿತ್ತು. ಒಂದು ಓಟಕ್ಕೆ ಕೋಲಿನ ಮೇಲೆ ಒಂದು ಗೀರು ಹಾಕಿ ಲೆಕ್ಕ ಇಡುತ್ತಿದ್ದರು. ನಿಧಾನಕ್ಕೆ ಓಡುವ ಕೆಲಸದ ಹೆಸರೇ ಲೆಕ್ಕದ ಹೆಸರಾಯಿತು. ಈಗ ಚೆಂಡು ಬೌಂಡರಿ ದಾಟಿದರೆ ಬ್ಯಾಟ್ಸ್‌ಮನ್ ನಿಂತಲ್ಲೇ ನಿಂತಿದ್ದರೂ ನಾಲ್ಕು ರನ್. ವೈಡ್ ಹಾಕಿದರೆ ಯಾರೂ ಕದಲದೆ ಒಂದು ರನ್. ನಾವು ಆ ಪದವನ್ನು ಹಾಗೇ ಇಟ್ಟುಕೊಂಡು ‘ರನ್ ಹೊಳೆ ಹರಿಸಿದರು’ ಎಂದು ತಲೆಬರಹ ಕೊಡುತ್ತೇವೆ. ನಮ್ಮ ಕ್ರೀಡಾ ಪುಟದವರು ಗೊತ್ತಿಲ್ಲದೆಯೇ ರನ್ ಪಕ್ಕಕ್ಕೆ ಹರಿಯನ್ನು ತಂದು ಕೂರಿಸಿದ್ದಾರೆ!

ಬ್ಯಾಂಕಿನದೂ ಇದೇ ಕಥೆ. ಬ್ಯಾಂಕ್ ಮುಳುಗುತ್ತದೆ ಎಂಬ ಭಯದಲ್ಲಿ ಜನ ಒಟ್ಟಿಗೇ ದುಡ್ಡು ತೆಗೆಯಲು ನುಗ್ಗುವುದನ್ನು ‘ಬ್ಯಾಂಕ್ ರನ್’ ಎನ್ನುತ್ತಾರೆ. 2007ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿನ ಶಾಖೆಗಳ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನದಲ್ಲಿ 4,200 ಕೋಟಿ ಡಾಲರ್ ತೆಗೆಯಲು ಗ್ರಾಹಕರು ಮುಂದಾದರು. ಅವರಲ್ಲಿ ಹೆಚ್ಚಿನವರು ಕೂತಲ್ಲಿಂದಲೇ, ಕಂಪ್ಯೂಟರ್ ಮತ್ತು ಫೋನಿನ ಮೂಲಕ. ಮರುದಿನವೇ ಬ್ಯಾಂಕ್ ಮುಚ್ಚಿತು. ಯಾರೂ ಓಡಲಿಲ್ಲ, ಆದರೂ ಅದು ರನ್ನೇ.

ನನಗೆ ತುಂಬ ಹಿಡಿಸಿದ ಇನ್ನೊಂದು ಬಳಕೆ ಚುನಾವಣೆಯದು. ಅಮೆರಿಕದಲ್ಲಿ ಅಭ್ಯರ್ಥಿ ‘ರನ್’ ಆಗುತ್ತಾನೆ. ಬ್ರಿಟನ್ನಿನಲ್ಲಿ ‘ಸ್ಟ್ಯಾಂಡ್’ ಆಗುತ್ತಾನೆ. ಭಾಷೆ ಒಂದೇ, ಕೆಲಸ ಒಂದೇ. ಒಬ್ಬರಿಗೆ ಅದು ಓಟದ ಪಂದ್ಯ, ಇನ್ನೊಬ್ಬರಿಗೆ ಜನರ ಮುಂದೆ ನಿಲ್ಲುವುದು. ನಾವೂ ‘ಈ ಸಲ ನಮ್ಮ ಕ್ಷೇತ್ರದಿಂದ ಯಾರು ನಿಂತಿದ್ದಾರೆ?’ ಎಂದೇ ಕೇಳುತ್ತೇವೆ. ಇಂಗ್ಲಿಷಿನಲ್ಲೇ ಊರಿಂದ ಊರಿಗೆ ಪದ ಬದಲಾಗುವಾಗ, ಒಂದು ಪದಕ್ಕೆ ಒಂದೇ ಕನ್ನಡ ಅರ್ಥ ಅಂಟಿಸುವುದು ಎಷ್ಟು ದಿನ ನಿಂತೀತು?

ನಮ್ಮೂರುಗಳಲ್ಲೂ ರನ್ ಬೇರೂರಿದೆ ಎಂಬುದನ್ನು ಮರೆಯಬಾರದು. ಹಳೆಯ ಬೈಕ್ ಮಾರುವವರು ‘ರನ್ನಿಂಗ್ ಕಂಡೀಷನ್’ ಎನ್ನುತ್ತಾರೆ. ಮರಗೆಲಸದವರು, ಗ್ರಾನೈಟ್ ಹಾಕುವವರು ಉದ್ದ ಮಾತ್ರ ಅಳೆದು ‘ರನ್ನಿಂಗ್ ಫೀಟ್‌ಗೆ ಇಷ್ಟು’ ಎಂದು ರೇಟ್ ಹೇಳುತ್ತಾರೆ. ಕಾಲೇಜಿನವರಿಗೆ ರನ್ನಿಂಗ್ ನೋಟ್ಸ್ ಗೊತ್ತು. ನಿಮ್ಮ ಮಕ್ಕಳಲ್ಲಿ ಯಾರದಾದರೂ ಅಪ್ಪ ಬಡಗಿಯಾಗಿದ್ದರೆ ಆ ಮಗುವಿಗೆ ರನ್‌ನ ಒಂದು ಅರ್ಥ ಆಗಲೇ ಬಂದಿದೆ. ಅದನ್ನು ತರಗತಿಗೆ ಕರೆಯಿರಿ.

ಬಡತನವೇ ಎಂಬ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ, ಖಂಡಿತ ಅಲ್ಲ. ಹಾಗಿದ್ದರೆ ಕನ್ನಡವೂ ಬಡ ಭಾಷೆ ಆಗಬೇಕಾಗುತ್ತದೆ. ನಮ್ಮ ‘ಹೊಡೆ’ಯನ್ನೇ ತೆಗೆದುಕೊಳ್ಳಿ. ಮೊಳೆ ಹೊಡೆಯುತ್ತೇವೆ, ಗೋಡೆಗೆ ಬಣ್ಣ ಹೊಡೆಯುತ್ತೇವೆ, ಬೆಳೆಗೆ ಔಷಧಿ ಹೊಡೆಯುತ್ತೇವೆ, ಎತ್ತಿನ ಗಾಡಿ ಹೊಡೆಯುತ್ತೇವೆ. ಕಟ್ಟೆ ಮೇಲೆ ಕೂತು ಹರಟೆ ಹೊಡೆಯುತ್ತೇವೆ, ಊಟವಾದ ಮೇಲೆ ನಿದ್ದೆ ಹೊಡೆಯುತ್ತೇವೆ. ಕ್ಲಾಸಿಗೆ ಚಕ್ಕರ್ ಹೊಡೆಯುವವರಿದ್ದಾರೆ, ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರಿದ್ದಾರೆ. ಗಂಟೆ ಹೊಡೆಯುತ್ತದೆ, ಕರೆಂಟ್ ಹೊಡೆಯುತ್ತದೆ, ಹಳಸಿದ ಸಾರು ವಾಸನೆ ಹೊಡೆಯುತ್ತದೆ. ರಾಹುಲ್ ದ್ರಾವಿಡ್ ಸೆಂಚುರಿ ಹೊಡೆದಾಗ ಹುಡುಗರು ಶಿಳ್ಳೆ ಹೊಡೆದರು. ಇವನ್ನೆಲ್ಲ ‘ಹೊಡೆ ಅಂದರೆ ಬೀಟ್’ ಎಂದು ಕಲಿತ ಇಂಗ್ಲಿಷಿನವನ ಮುಂದೆ ಇಟ್ಟರೆ ಅವನ ಪಾಡೇನು? ನಿಮ್ಮ ವಿದ್ಯಾರ್ಥಿನಿಯ ಪಾಡೇ. ಆದರೆ ಆ ಹುಡುಗಿ ಇವುಗಳಲ್ಲಿ ಒಂದರಲ್ಲೂ ತಡವರಿಸುವುದಿಲ್ಲ. ಬಣ್ಣ ಎಂಬ ಪದ ಕಿವಿಗೆ ಬಿದ್ದ ಕೂಡಲೇ ಈ ಹೊಡೆತ ಯಾವುದು ಎಂದು ಅವಳಿಗೆ ಗೊತ್ತಾಗುತ್ತದೆ. ಪಕ್ಕದಲ್ಲಿ ಯಾರಿದ್ದಾರೆ ಎಂದು ನೋಡಿ ಅರ್ಥ ಹಿಡಿಯುವ ಈ ಶಕ್ತಿ ಅವಳಲ್ಲಿ ಪೂರ್ತಿಯಾಗಿ ಇದೆ. ಅದನ್ನು ಇಂಗ್ಲಿಷಿಗೂ ಬಳಸಬಹುದು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ಹಾಗಾಗಿ ಕಲಿಸುವ ರೀತಿ ಇದು ಎಂದು ನನಗೆ ತೋರುತ್ತದೆ. ಒಂಟಿ ಪದ ಬರೆಸಬೇಡಿ. ಜೋಡಿ ಬರೆಸಿ. ‘ರನ್ ಎ ಶಾಪ್’ ಎಂದರೆ ಅಂಗಡಿ ನಡೆಸು. ‘ರನ್ ಎ ಫೀವರ್’ ಎಂದರೆ ಜ್ವರ ಬಂದಿರು. ‘ರನ್ ಔಟ್ ಆಫ್ ಸಾಲ್ಟ್’ ಎಂದರೆ ಉಪ್ಪು ಮುಗಿದುಹೋಗು. ‘ರನ್ ಇಂಟು ಎ ಫ್ರೆಂಡ್’ ಎಂದರೆ ಗೆಳೆಯ ಅಚಾನಕ್ ಸಿಗು. ಕನ್ನಡದ ಕಡೆ ಎಲ್ಲೂ ಓಡು ಬರುವುದಿಲ್ಲ ನೋಡಿ. ಬದಲಿಗೆ ‘ನಡೆ’ ಜಾಸ್ತಿ ಬರುತ್ತದೆ. ಇಂಗ್ಲಿಷಿನವರು ಓಡಿಸುವುದನ್ನು ನಾವು ನಡೆಸುತ್ತೇವೆ: ಹೋಟೆಲ್, ಶಾಲೆ, ಸಂಸಾರ, ಸರ್ಕಾರ. ಮಕ್ಕಳು ಇದನ್ನು ತಾವೇ ಕಂಡುಹಿಡಿಯಲಿ. ದಿನಕ್ಕೆ ಎರಡು ಜೋಡಿ ಸಾಕು. 645ರ ಹಿಂದೆ ಬೀಳುವುದು ಬೇಡ. ಅವುಗಳಲ್ಲಿ ಎಷ್ಟೋ ಅರ್ಥಗಳು ಹಡಗಿನವರಿಗೆ, ಮುದ್ರಣದವರಿಗೆ, ಗಣಿಯವರಿಗೆ ಮಾತ್ರ ಬೇಕಾದವು.

ಶಾಲೆಗೆ ನಿಘಂಟು ಕೊಳ್ಳುವುದಾದರೆ ಕಲಿಯುವವರಿಗಾಗಿಯೇ ಮಾಡಿದ್ದನ್ನು ತೆಗೆದುಕೊಳ್ಳಿ. ಎ. ಎಸ್. ಹಾರ್ನ್‌ಬಿ ಎಂಬುವರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ನಿಮ್ಮ ಹಾಗೆ ಅವರಿಗೂ ಬೇರೆ ಮಾತೃಭಾಷೆಯ ಮಕ್ಕಳೇ ಎದುರಿಗೆ. ಪದಗಳು ಯಾವ ಪದಗಳ ಜೊತೆ, ಯಾವ ವಾಕ್ಯದಲ್ಲಿ ಕೂರುತ್ತವೆ ಎಂದು ತೋರಿಸುವ ನಿಘಂಟನ್ನು ಅವರು ಇಬ್ಬರು ಸಹೋದ್ಯೋಗಿಗಳ ಜೊತೆ ಸೇರಿ ಮಾಡಿದರು. 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್‌ನವರು ಮತ್ತೆ ಅಚ್ಚು ಹಾಕಿದರು. ಅದೇ ಮುಂದೆ ಅಡ್ವಾನ್ಸ್‌ಡ್ ಲರ್ನರ್ಸ್ ನಿಘಂಟಾಗಿ ಬೆಳೆದು ನಮ್ಮ ಕಾಲೇಜುಗಳಿಗೂ ಬಂತು. ಅದರಲ್ಲಿ ಅರ್ಥಕ್ಕಿಂತ ಮೊದಲು ಉದಾಹರಣೆ ವಾಕ್ಯ ಓದುವ ಅಭ್ಯಾಸ ಮಾಡಿಸಿ.

ಕೊನೆಗೆ ಒಂದು ಕೋರಿಕೆ. ನಿಮ್ಮ ತರಗತಿಯ ಮಕ್ಕಳು ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಕೇಳಿದ ‘ಬಿಡು’ ಪದದ ಬಳಕೆಗಳನ್ನು ಕೂಡಿಸಿ ಕಳಿಸಲಿ. ಬಸ್ ಬಿಡುವುದು, ಬಣ್ಣ ಬಿಡುವುದು, ಹೂ ಬಿಡುವುದು, ಗಡ್ಡ ಬಿಡುವುದು, ಹೀಗೆ ಎಷ್ಟು ಸಿಕ್ಕರೆ ಅಷ್ಟು. ತಿಪಟೂರು ಕಡೆಯಲ್ಲಿ ಮಾತ್ರ ಆಡುವ ಬಳಕೆ ಇದ್ದರೆ ಅದನ್ನು ಬೇರೆಯಾಗಿ ಗುರುತು ಹಾಕಲಿ. ಮಕ್ಕಳ ಪುಟದಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇವೆ.

– ಸಂಪಾದಕ