ಎರಡನೇ ಪುಟದ ಎರಡು ಸಾಲು

ಹೊಸನಗರದಿಂದ ಲೇಖನ ಕಳಿಸಿದ ಸೋದರಿಗೆ,

ಗರ್ಭದಲ್ಲಿ ಹೃದಯ, ರಕ್ತನಾಳ ಮೂಡುವ ಬಗೆ ಕುರಿತ ನಿಮ್ಮ ಲೇಖನ ಓದಿದೆ. ಭಾಷೆ ಹದವಾಗಿದೆ. ನಾಳಗಳ ಜಾಲವನ್ನು ಅಡಿಕೆ ತೋಟದ ಬಸಿಗಾಲುವೆಗೆ ಹೋಲಿಸಿದ್ದು ಹಿಡಿಸಿತು. ಆದರೆ ಎರಡನೇ ಪುಟಕ್ಕೆ ಬಂದಾಗ ಸಿಟ್ಟೇ ಬಂತು.

‘ವಿಇಜಿಎಫ್ ಎಂಬ ಪ್ರೋಟೀನು ರಕ್ತನಾಳವಾಗು ಎಂದು ಆಜ್ಞಾಪಿಸುತ್ತದೆ, ಕೋಶ ಪಾಲಿಸುತ್ತದೆ’ ಎಂದು ಬರೆದಿದ್ದೀರಿ. ಎಷ್ಟು ಪ್ರೋಟೀನು? ಎಲ್ಲಿಂದ ಬಂತು? ಪಕ್ಕದ ಕೋಶ ಏನು ಮಾಡುತ್ತಿತ್ತು? 1996ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗ ನೋಡಿ. ಈ ಪ್ರೋಟೀನಿನ ಜೀನ್‌ಗೆ ಎರಡು ಪ್ರತಿಗಳಿರುತ್ತವೆ. ಒಂದನ್ನಷ್ಟೇ ಕೆಡಿಸಿದರು, ಇನ್ನೊಂದು ಸರಿಯಾಗೇ ಇತ್ತು. ಆದರೂ ನಾಳಗಳು ನೆಟ್ಟಗೆ ಬೆಳೆಯದೆ 11-12ನೇ ದಿನದ ಹೊತ್ತಿಗೆ ಭ್ರೂಣಗಳು ಸತ್ತವು. ಪ್ರೋಟೀನು ಇದ್ದರೆ ಸಾಲದು, ತಕ್ಕಷ್ಟು ಇರಬೇಕು. ಇನ್ನು ಬೆಳೆಯುವ ನಾಳದ ತುದಿಯ ಕೋಶ ವಿಇಜಿಎಫ್ ದಟ್ಟವಾಗಿರುವ ಕಡೆಗೆ ಎಳೆ ಚಾಚುತ್ತದೆ. ಜೊತೆಗೇ ನಾಚ್ ಎಂಬ ಸಂಕೇತದ ಮೂಲಕ ಪಕ್ಕದ ಕೋಶವೂ ತುದಿಯಾಗದಂತೆ ಅದು ತಡೆಯುತ್ತದೆ. ಈ ತಡೆಯ ಮಾತೇ ನಿಮ್ಮಲ್ಲಿಲ್ಲ.

ಮುಂದಿನ ಸಾಲು: ‘ಸಮಯ ಬಂದಾಗ ಕೋಶಗಳು ತಾವಾಗಿ ಹೃದಯವಾಗುತ್ತವೆ.’ ತಾವಾಗಿ ಹೇಗೆ ಆಗುತ್ತವೆ? ಭ್ರೂಣದಲ್ಲಿ ಅವುಗಳ ಕೆಳಗಿನ ಪದರದಿಂದ ಬಿಎಂಪಿ ಎಂಬ ಸಂಕೇತದ ಪ್ರೋಟೀನು ಸಿಗಬೇಕು. ಮುಂದೆ ಮೆದುಳು, ಬೆನ್ನುಹುರಿಯಾಗುವ ನರಕೊಳವೆಯ ಕಡೆಯಿಂದ ಬರುವ ವಿಂಟ್ ಸಂಕೇತ ಅಡ್ಡಬರಬಾರದು. ಅದಕ್ಕೂ ಮುಂಚಿನ ಹಂತದಲ್ಲಿ ಅದೇ ವಿಂಟ್ ಬೇಕೇ ಬೇಕು! ಇಷ್ಟು ಸ್ವಾರಸ್ಯವಿರುವಾಗ ಒಂದೇ ಸಾಲಿನಲ್ಲಿ ಹಾರಿಸಿಬಿಡುವುದೇ?

ಶಿವಮೊಗ್ಗದ ವಾರಪತ್ರಿಕೆಯೊಂದರಲ್ಲಿ ನಾನು ಕೆಲಸ ಕಲಿಯುವಾಗ ವಿಜ್ಞಾನದ ಬರಹ ಒಪ್ಪಿಸಲು ಹೋದರೆ ಹಿರಿಯ ಸಂಪಾದಕರು ‘ಕಣ್ಣಾರೆ ನೋಡಿದೀಯೇನೋ?’ ಎನ್ನುತ್ತಿದ್ದರು. ಅವರೇ ಸಾಗರದ ಪ್ರಾಣಿಶಾಸ್ತ್ರ ಮೇಷ್ಟರೊಬ್ಬರ ಹತ್ತಿರ ಕಳಿಸಿದರು. ಮೂರು ದಿನ ಕಾವು ಕೊಟ್ಟ ಕೋಳಿಮೊಟ್ಟೆಯ ಚಿಪ್ಪನ್ನು ಮೇಷ್ಟರು ಚಿಮಟದಿಂದ ಕಾಸಿನಗಲ ಬಿಡಿಸಿದರು. ಹಳದಿಯ ಮೇಲೆ ಕೆಂಪು ಚುಕ್ಕಿಯೊಂದು ಮಿಡಿಯುತ್ತಿತ್ತು, ಸುತ್ತ ತೆಳುವಾದ ನಾಳಗಳು ಕವಲೊಡೆದಿದ್ದವು. ಮೊಟ್ಟೆ ತಣ್ಣಗಾದಂತೆ ಮಿಡಿತ ನಿಧಾನವಾಯಿತು. ದೀಪದ ಬಿಸಿಗೆ ಹಿಡಿದಾಗ ಮತ್ತೆ ಚುರುಕಾಯಿತು. ಆವತ್ತಿನಿಂದ ‘ತಾವಾಗಿ’ ಎಂದು ಬರೆಯಲು ನನಗೆ ಕೈ ಬರುವುದಿಲ್ಲ.

ಎರಡನೇ ಪುಟವನ್ನಷ್ಟೇ ಮತ್ತೆ ಬರೆದು ಕಳಿಸಿ. ಹತ್ತಿರದ ಕಾಲೇಜಿನ ಲ್ಯಾಬಿನಲ್ಲಿ ಮೊಟ್ಟೆ ತೋರಿಸುವವರಿದ್ದರೆ ಮೊದಲು ನೋಡಿ ಬನ್ನಿ. ಮುಂದಿನ ಸಂಚಿಕೆಯಲ್ಲಿ ನಿಮಗೆ ಜಾಗ ಇಟ್ಟಿರುತ್ತೇನೆ.