ರೇಟು ಕೆಳಗಿಳಿಯುವ ಹರಾಜು ನಮ್ಮಂಥ ಸಣ್ಣವರಿಗೂ ಆಗುತ್ತಾ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಖಾರದ ತಿಂಡಿ ತಯಾರಿಸುವ ಸಣ್ಣ ಘಟಕ. ರಟ್ಟಿನ ಬಾಕ್ಸುಗಳನ್ನು 11 ವರ್ಷದಿಂದ ಒಬ್ಬರ ಹತ್ತಿರವೇ ಕೊಳ್ಳುತ್ತಿದ್ದೇವೆ. ಎಂಬಿಎ ಮುಗಿಸಿ ಬಂದ ಮಗ ‘ರಿವರ್ಸ್ ಆಕ್ಷನ್ ಮಾಡೋಣ’ ಅಂತಿದ್ದಾನೆ. ಅದರಿಂದ ನಿಜಕ್ಕೂ ಲಾಭ ಇದೆಯಾ? ಹಳೆಯ ಸಂಬಂಧ ಕೆಡುತ್ತದೇನೋ ಎಂಬ ಅಳುಕು ನನಗೆ.

ಉತ್ತರ: ನಿಮ್ಮೂರಿನ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಹರಾಜು ನೋಡಿರುತ್ತೀರಿ. ಮಾಲು ಒಬ್ಬರದು, ಕೊಳ್ಳುವವರು ಹಲವರು, ರೇಟು ಮೇಲೇರುತ್ತದೆ. ರಿವರ್ಸ್ ಆಕ್ಷನ್ ಅದರ ಉಲ್ಟಾ. ಕೊಳ್ಳುವವರು ನೀವೊಬ್ಬರೇ, ಮಾರುವವರು ಹಲವರು. ಕಂಪ್ಯೂಟರ್ ಮುಂದೆ ಕೂತು ಒಬ್ಬರಿಗಿಂತ ಒಬ್ಬರು ರೇಟು ಇಳಿಸುತ್ತಾ ಹೋಗುತ್ತಾರೆ. ತಾನು ಎಷ್ಟನೆಯವನು ಅನ್ನುವುದು ಅವರಿಗೆ ಕಾಣುತ್ತದೆ, ಎದುರಾಳಿ ಯಾರು ಅನ್ನುವುದು ಕಾಣುವುದಿಲ್ಲ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ 27 ವರ್ಷ ಪರ್ಚೇಸ್ ವಿಭಾಗದಲ್ಲಿದ್ದೆ. ನಮ್ಮ ಮೊದಲ ಆಕ್ಷನ್ ಕೂಡ ಬಾಕ್ಸುಗಳದ್ದೇ. ಐದು ಜನ ಬಂದಿದ್ದರು. 38 ರೂಪಾಯಿಗೆ ಶುರುವಾಯಿತು. ಅರ್ಧ ಗಂಟೆಯಲ್ಲಿ ಮುಗಿಯಬೇಕಿತ್ತು. ಆದರೆ ಕೊನೆ ಗಳಿಗೆಯಲ್ಲಿ ಯಾರಾದರೂ ರೇಟು ಇಳಿಸಿದರೆ ಐದು ನಿಮಿಷ ಸಮಯ ತಾನೇ ಮುಂದೆ ಹೋಗುವ ನಿಯಮ ಇಟ್ಟಿದ್ದೆವು. ಹಾಗೆ ಎಳೆದೂ ಎಳೆದೂ ಒಂದು ಗಂಟೆ ಹತ್ತು ನಿಮಿಷಕ್ಕೆ 33 ರೂಪಾಯಿ 60 ಪೈಸೆಗೆ ನಿಂತಿತು. ನಮಗೆ ವರ್ಷಕ್ಕೆ 60,000 ಬಾಕ್ಸ್ ಬೇಕಿತ್ತು. ಉಳಿದದ್ದು 2 ಲಕ್ಷ 64 ಸಾವಿರ. ಅದಕ್ಕೆ ಮೊದಲು ಇದೇ ಚೌಕಾಸಿಗೆ ಮೂರು ವಾರ ಹಿಡಿಯುತ್ತಿತ್ತು, ಕಾಫಿ ಖರ್ಚು ಬೇರೆ.

ದುಡ್ಡಿಗಿಂತ ನನಗೆ ಹಿತವಾದದ್ದು ಇನ್ನೊಂದು. ಪರ್ಚೇಸ್‌ನವರ ಮೇಲೆ ಎಲ್ಲರಿಗೂ ಒಂದು ಗುಮಾನಿ ಇದ್ದೇ ಇರುತ್ತದೆ, ಅಲ್ವಾ? ‘ಅವರಿಗೇ ಯಾಕೆ ಆರ್ಡರ್ ಕೊಟ್ಟೆ?’ ಅಂತ ಆಡಿಟ್‌ನವರು ಕೇಳಿದಾಗ, ಯಾರು ಎಷ್ಟು ಗಂಟೆಗೆ ಎಷ್ಟು ಇಳಿಸಿದರು ಎಂಬ ಹಾಳೆ ತೋರಿಸುತ್ತಿದ್ದೆ. ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಎಡವಿದ್ದೂ ಇದೆ. ಮಾರನೇ ವರ್ಷ ಸುಮ್ನೆ ‘ಐದು ಪದರದ ಬಾಕ್ಸ್’ ಎಂದಷ್ಟೇ ಬರೆದು ಆಕ್ಷನ್ ಇಟ್ಟೆ. ಗೆದ್ದವರು ತೆಳು ಕಾಗದ ಹಾಕಿ ಕಳಿಸಿದರು. ಜುಲೈ ತಿಂಗಳ ಮಳೆಗೆ ಗೋದಾಮಿನಲ್ಲಿ ಅಡಿಯ ಸಾಲು ಕುಸಿದು ಕೂತಿತು. ತಪ್ಪು ಅವರದಲ್ಲ, ನನ್ನದು. ಕಾಗದ ಎಷ್ಟು ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ), ಎಷ್ಟು ಬಿಎಫ್ (ಒತ್ತಡಕ್ಕೆ ಒಡೆಯದೆ ತಡೆಯುವ ಶಕ್ತಿ), ಅಳತೆ, ಪ್ರಿಂಟಿಂಗ್, ಲಾರಿ ಬಾಡಿಗೆ ಯಾರದು, ಹಣ ಎಷ್ಟು ದಿನಕ್ಕೆ: ಎಲ್ಲವನ್ನೂ ಮೊದಲೇ ಬರೆದುಕೊಟ್ಟು, ಸ್ಯಾಂಪಲ್ ಪಾಸಾದವರನ್ನು ಮಾತ್ರ ಒಳಗೆ ಬಿಡಬೇಕಿತ್ತು.

ದೊಡ್ಡವರ ಕಥೆಯೂ ಇದೇ. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾ ಸೋಲಾರ್ ಪಾರ್ಕಿಗೆ ನಡೆದ ಇಂಥದ್ದೇ ಹರಾಜಿನಲ್ಲಿ ವಿದ್ಯುತ್ ದರ ಯೂನಿಟ್‌ಗೆ 2 ರೂಪಾಯಿ 44 ಪೈಸೆಗೆ ಇಳಿಯಿತು. ಪ್ಯಾನೆಲ್ ಬೆಲೆ ಬೀಳುತ್ತಿತ್ತು, ನಿಜ. ಆದರೆ ಪಾರ್ಕಿನಲ್ಲಿ ಜಾಗ ತಯಾರಿತ್ತು, ಕರೆಂಟು ಕೊಳ್ಳುವವರು ಯಾರು ಅನ್ನುವುದೂ ಖಚಿತವಿತ್ತು. ಹಾಗಿದ್ದಾಗ ಮಾರುವವರು ‘ಏನಾಗುತ್ತೋ ಏನೋ’ ಅಂತ ಜಾಸ್ತಿ ಸೇರಿಸಿ ಹೇಳುವುದಿಲ್ಲ. ಸರ್ಕಾರಿ ಖರೀದಿಗೆ 2016ರಲ್ಲಿ ಶುರುವಾದ ಜೆಮ್ ಪೋರ್ಟಲ್‌ನಲ್ಲೂ ರಿವರ್ಸ್ ಆಕ್ಷನ್ ಇದೆ.

ನಿಮಗೆ ಇದು ಬಾಕ್ಸು, ಕವರು, ಎಣ್ಣೆಗೆ ಆಗುತ್ತದೆ. ಮೂರು ನಾಲ್ಕು ಜನ ಸರಿಸಮ ಪೂರೈಕೆದಾರರು ಸಿಗಬೇಕು, ಒಂದು ವರ್ಷದ ಮಾಲು ಒಟ್ಟಿಗೆ ಇರಬೇಕು. ನಿಮ್ಮ ಖಾರದ ಮಿಶ್ರಣ ಹದವಾಗಿ ರುಬ್ಬಿಕೊಡುವ ಒಬ್ಬರೇ ಇದ್ದರೆ ಅವರನ್ನು ಇದಕ್ಕೆ ಎಳೆಯಬೇಡಿ.

ಇನ್ನು ಹಳೆಯವರು. ಮೊದಲು ಅವರನ್ನೇ ಕರೆದು ವಿಷಯ ಹೇಳಿ, ಅವರೂ ಭಾಗವಹಿಸಲಿ. ದೀಪಾವಳಿ ಹೊತ್ತಿಗೆ ರಾತ್ರೋರಾತ್ರಿ ಮಾಲು ಕಳಿಸಿದ್ದಾರಲ್ವಾ? ಆ ತುರ್ತು ಪೂರೈಕೆಯನ್ನೂ ಷರತ್ತಿನಲ್ಲಿ ಸೇರಿಸಿ. ಆಗ ಹೊಸಬರೂ ಅದಕ್ಕೆ ಬೆಲೆ ಕಟ್ಟಿಯೇ ರೇಟು ಹಾಕಬೇಕಾಗುತ್ತದೆ. ಆಕ್ಷನ್ ದಿನ ಮಗ ಪರದೆ ಮುಂದೆ ಕೂರಲಿ. ನೀವು ಮಾತ್ರ ಫೋನ್ ಎತ್ತಬೇಡಿ. ‘ಎಷ್ಟಕ್ಕೆ ನಿಂತಿದೆ ಸಾರ್?’ ಅಂತ ಹಳೆಯವರು ಕೇಳಿಯೇ ಕೇಳುತ್ತಾರೆ.